ನಾಲ್ಕನೇ ಮಂಚದ ಸೂಜಿಯ ಕುರಿತು ಆಡಳಿತಾಧಿಕಾರಿಗಳಿಗೆ ಬಿನ್ನಹ

ಇಂಡಿ ಪಟ್ಟಣದ ನಮ್ಮ ಖಾಸಗಿ ಆಸ್ಪತ್ರೆಯ ಆಡಳಿತಾಧಿಕಾರಿಗಳಾದ ಶ್ರೀ ಬಸವಂತರಾಯರ ಸನ್ನಿಧಿಗೆ,

ಮಾನ್ಯರೇ,

ಎರಡನೇ ವಾರ್ಡಿನ ನರ್ಸ್ ಸಾಕ್ಷಿ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಕೋಣೆಯ ಎ.ಸಿ.ಯೂ, ಅದರ ತಂಪಿನಲ್ಲಿ ಆರಾಮಾಗಿ ಮಲಗಿರುವ ನನ್ನ ದೂರೂ ಕ್ಷೇಮವೆಂದು ನಂಬಿದ್ದೇನೆ.

ಪಾಳಿ ಬದಲಾಗುವಾಗ ಹೋಗುವವರು ಬರುವವರನ್ನು ಮಂಚದಿಂದ ಮಂಚಕ್ಕೆ ಕರೆದೊಯ್ದು, ಯಾರಿಗೆ ಏನು ಕೊಟ್ಟಿದೆ, ಯಾರಿಗೆ ಏನು ಕೊಡಬಾರದು ಎಂದು ಹೇಳಿ ಹೋಗುವುದು ನಮ್ಮ ಕಸುಬಿನ ಪದ್ಧತಿ. ಹಿರಿಯ ಸಿಸ್ಟರ್ ಯಲ್ಲವ್ವನವರು ಈ ಉಪಕಾರವನ್ನು ಎಲ್ಲರಿಗೂ ಮಾಡುತ್ತಾರೆ, ನನ್ನೊಬ್ಬಳನ್ನು ಬಿಟ್ಟು. ಡಾಕ್ಟರರ ಎದುರು ನಾನು ಯಲ್ಲವ್ವನವರ ತಪ್ಪೊಂದನ್ನು ತಿದ್ದಿದ ದಿನದಿಂದ ನನ್ನನ್ನು ಕಂಡರೆ ಅವರಿಗೆ ಮಾತೇ ಹೊರಡುವುದಿಲ್ಲ. ಚಹಾದ ಹೊತ್ತಿನಲ್ಲಿ ಮಾತ್ರ ನನ್ನ ನಡಿಗೆ, ನನ್ನ ಊರು, ನನ್ನ ಕೈ ನಡುಗುವ ಬಗೆ ಕುರಿತು ಧಾರಾಳವಾಗಿ ಹೊರಡುತ್ತದೆ.

ಹೋದ ತಿಂಗಳು ನಾಲ್ಕನೇ ಮಂಚದ ನಬಿಸಾಬರಿಗೆ ಚುಚ್ಚಲು ನಾನು ಸಿರಿಂಜು ತುಂಬಿಕೊಂಡು ನಿಂತಾಗ ಅವರ ಹೆಂಡತಿ ಗೌಸಬಿ ನನ್ನ ಕೈ ಹಿಡಿದರು. "ಈ ಸೂಜಿ ಇವರಿಗೆ ಆಗಂಗಿಲ್ಲ ತಂಗಿ. ಮುಂಜಾನೆನ ದೊಡ್ಡ ಸಿಸ್ಟರಿಗೆ ಹೇಳೇನಿ" ಎಂದರು. ದೊಡ್ಡ ಸಿಸ್ಟರು ಅದನ್ನು ಬರೆದೂ ಇಟ್ಟಿರಲಿಲ್ಲ, ನನಗೆ ಹೇಳಿಯೂ ಇರಲಿಲ್ಲ. ಆ ದಿನ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಇದನ್ನೆಲ್ಲ ಬರೆದು ನಾನು ದೂರು ಕೊಟ್ಟ ಮೇಲೆ ತಾವು ತೋರಿದ ಚುರುಕನ್ನು ಎಷ್ಟು ಹೊಗಳಿದರೂ ಸಾಲದು. ತಕ್ಷಣ ತನಿಖಾ ಸಮಿತಿ ರಚಿಸಿ, ವಾರ್ಡಿನ ಒಳಹೊರಗು ಬಲ್ಲವರೆಂದು ಯಲ್ಲವ್ವನವರನ್ನೇ ಅಧ್ಯಕ್ಷರನ್ನಾಗಿ ಮಾಡಿದಿರಿ. ಅವರು ತಮ್ಮನ್ನು ತಾವೇ ಕೂಲಂಕಷವಾಗಿ ವಿಚಾರಿಸಿ, ನಿರ್ದೋಷಿ ಎಂದು ಒಮ್ಮತದಿಂದ ತೀರ್ಮಾನಿಸಿದರು. ನನ್ನನ್ನು ಒತ್ತಡ ನಿವಾರಣಾ ಶಿಬಿರಕ್ಕೆ ಕಳಿಸಿದಿರಿ. ಅಲ್ಲಿ ಕಣ್ಣು ಮುಚ್ಚಿ ಉಸಿರು ಎಣಿಸಲು ಕಲಿಸಿದರು; ರೋಗಿಗಳ ಉಸಿರು ಎಣಿಸಿಯೇ ಅಭ್ಯಾಸವಿದ್ದ ನಾನು ನನ್ನದನ್ನು ಎಣಿಸಿದ್ದು ಅಂದೇ ಮೊದಲು.

ಈಗ, ಸೋಮವಾರದೊಳಗೆ ದೂರು ವಾಪಸು ಪಡೆಯದಿದ್ದರೆ ದೂರದ ಮುದ್ದೇಬಿಹಾಳದ ಶಾಖೆಗೆ ವರ್ಗ ಎಂದು ತಮ್ಮ ಪತ್ರ ಬಂದಿದೆ. ದಿನಾ ಹಲಸಂಗಿಯಿಂದ ಬಸ್ಸು ಹಿಡಿದು ಬರುವ ನನಗೆ ಅದರ ಅರ್ಥ ನೌಕರಿ ಬಿಡು ಎಂದೇ. ಆದ್ದರಿಂದ ಒಂದು ಸಣ್ಣ ಕೋರಿಕೆ: ನನ್ನ ಪಾಳಿಯಲ್ಲಿ ಯಾವ ರೋಗಿಗೂ ಯಾವ ಔಷಧಿಯಿಂದಲೂ ಅಲರ್ಜಿ ಆಗಕೂಡದೆಂದು ಸುತ್ತೋಲೆ ಹೊರಡಿಸಬೇಕು. ಅದು ಕಷ್ಟವಾದರೆ ಗೌಸಬಿಯವರನ್ನು ರೋಗಿ ಸುರಕ್ಷತಾ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಬೇಕು. ನಬಿಸಾಬರು ಗುಣವಾಗಿ ಮನೆಗೆ ಹೋಗಿರುವುದರಿಂದ, ಗೌಸಬಿಯವರು ವಾರ್ಡಿನಲ್ಲಿ ಇರಬೇಕೆಂದರೆ ಗಂಡನಿಗೆ ಮತ್ತೆ ಕಾಯಿಲೆ ತರಿಸುವ ಏರ್ಪಾಡನ್ನು ಆಡಳಿತ ಮಂಡಳಿಯೇ ಮಾಡಬೇಕಾದೀತು.

ತಮ್ಮ ವಿಶ್ವಾಸಿ,
ಸಾಕ್ಷಿ

ತಾ.ಕ.: ದೂರು ವಾಪಸು ಪಡೆಯುವ ಕಾಗದಕ್ಕೆ ನಾನು ಸಹಿ ಹಾಕಿಲ್ಲ. ಈ ಪತ್ರವನ್ನು ಓದಿ ನನ್ನ ಜೊತೆಯ ನರ್ಸ್ ತರನ್ನುಮ ಪೆನ್ನು ಕೇಳಿದಳು, ಆಮೇಲೆ ವಾರ್ಡಿನ ಇನ್ನೂ ಐವರು ನರ್ಸುಗಳು ಕೇಳಿದರು. ಎಲ್ಲರ ಸಹಿ ಕೆಳಗಿದೆ. ಏಳೂ ಜನರನ್ನು ವರ್ಗ ಮಾಡುವುದಾದರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ದಯವಿಟ್ಟು ತಾವೇ ವಾರ್ಡಿಗೆ ಬನ್ನಿ. ಮಂಚದಿಂದ ಮಂಚಕ್ಕೆ ಕರೆದೊಯ್ದು, ತಮಗೆ ಎಲ್ಲವನ್ನೂ ಹೇಳಿಯೇ ಹೋಗುತ್ತೇವೆ.