ಕಂಬಕ್ಕೂ ಕಿಟಕಿಗೂ ನಡುವಿನ ಅನಾಥ ತಂತಿ

ಊರಿನ ಉದ್ದಗಲಕ್ಕೂ ತಂತಿ ಎಳೆದಿರುವ ಕಂಪನಿಯ ಮಾನ್ಯರಿಗೂ, ಆ ತಂತಿಯನ್ನು ಬಾಡಿಗೆಗೆ ಪಡೆದು ನಮ್ಮಂಥವರಿಗೆ ಇಂಟರ್ನೆಟ್ ಕೊಡುತ್ತಿರುವ ಕಂಪನಿಯ ಮಾನ್ಯರಿಗೂ, ಒಬ್ಬರ ಹೆಸರು ಮೊದಲು ಬರೆದರೆ ಇನ್ನೊಬ್ಬರು 'ಹಾಗಾದರೆ ಇದು ಅವರ ವಿಷಯ' ಎಂದು ಪತ್ರ ಮಡಚಿಟ್ಟಾರೆಂಬ ಅಂಜಿಕೆಯಿಂದ, ಒಂದೇ ಉಸಿರಿನಲ್ಲಿ ನಮಸ್ಕಾರಗಳು.

ಮಾನ್ಯರೇ,

ತಾವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯ ಮೋಡೆಮ್‌ನ ಕೆಂಪು ದೀಪವೂ ಕ್ಷೇಮವಾಗಿದೆ. ಹೋದ ತಿಂಗಳು ಹತ್ತಿಕೊಂಡದ್ದು ಇನ್ನೂ ಆರಿಲ್ಲ. ನಾನು ಪುಸ್ತಕಗಳ ಕರಡು ತಿದ್ದುವವನಾದ್ದರಿಂದ ನನಗೆ ಕಾಗದ ಪೆನ್ನು ಸಾಕು. ಆದರೆ ನನ್ನ ಹೆಂಡತಿ, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವವಳು, ತನ್ನ ಕೆಲಸಕ್ಕೆಲ್ಲ ತಮ್ಮ ತಂತಿಯನ್ನೇ ನೆಚ್ಚಿಕೊಂಡಿದ್ದಳು; ಫೋನಿನ ಇಂಟರ್ನೆಟ್ಟಿಗೆ ನಮ್ಮ ಮನೆಯೊಳಗೆ ವಿಡಿಯೊ ಎಳೆಯುವ ಕಸುವಿಲ್ಲ.

ಅವಳ ಬಳಿ ಕಲಿಯುತ್ತಿರುವವರಲ್ಲಿ ಒಬ್ಬರು ನಿವೃತ್ತ ಹರಾಜುಗಾರರು. ಹಳೆಯ ಮಂಚ, ಕೆಟ್ಟ ಗಡಿಯಾರ, ಮುಳುಗಿದ ಅಂಗಡಿಗಳ ಬೀರು, ಎಲ್ಲವನ್ನೂ ಉಸಿರು ಬಿಡದೆ ಕೂಗಿ ಮಾರಿದವರು, ಬಾಯಿಯ ಬಲದಿಂದಲೇ ಮನೆ ಕಟ್ಟಿದವರು. ಅಂಥವರಿಗೆ ಹೆಂಡತಿಯ ಹೆಸರೂ ನಾಲಗೆಗೆ ಬರುತ್ತಿರಲಿಲ್ಲ. ಮಾತು ಹೋದ ಹೊಸತರಲ್ಲಿ ಅಭ್ಯಾಸ ತಪ್ಪಬಾರದೆಂದು ನನ್ನವಳು ದಿನವೂ ಬೆಳಿಗ್ಗೆ ಪರದೆಯ ಮೇಲೆ ಅವರೆದುರು ಕೂರುತ್ತಿದ್ದಳು. ಅಂಥದೊಂದು ಬೆಳಿಗ್ಗೆ ಅವರು ಹಳೆಯ ಕಸುಬಿನ ಜಾಡು ಹಿಡಿದು 'ಒಂದು ಸಲ, ಎರಡು ಸಲ' ಎಂದರು, ಮೂರನೆಯದಕ್ಕೆ ತುಟಿ ಕೂಡಿಸಿದರು, ಪರದೆ ಹಾಗೆಯೇ ನಿಂತುಬಿಟ್ಟಿತು. ಹರಾಜಿನಲ್ಲಿ ಮೂರನೆಯ ಕೂಗು ಬೀಳುವ ತನಕ ವಸ್ತು ಯಾರ ಪಾಲಿಗೂ ಸೇರಿರುವುದಿಲ್ಲವಂತೆ. ನಮ್ಮ ತೊಂದರೆಯೂ ಅಂದಿನಿಂದ ಹಾಗೆಯೇ ಯಾರ ಪಾಲಿಗೂ ಸೇರದೆ ಉಳಿದಿದೆ.

ಸೇವೆಯ ಕಂಪನಿಯವರೇ, ತಮ್ಮ ಕಡೆಯವರು ಬಂದರು, ಮೋಡೆಮ್ ಬದಲಿಸಿದರು, ಹೊಸದರಲ್ಲೂ ಕೆಂಪು ದೀಪವೇ ಹತ್ತಿದಾಗ 'ನಮ್ಮ ಡಬ್ಬಿ ಚೆನ್ನಾಗಿದೆ ಸರ್, ಲೈನ್ ಅವರದು' ಎಂದು ಹೊರಟುಹೋದರು. ತಂತಿಯ ಕಂಪನಿಯವರೇ, ತಮ್ಮ ಕಡೆಯವರೂ ಬಂದರು. ಏಣಿ ಹಾಕಿ ಕಂಬ ಹತ್ತಿದರು. 'ಕಂಬದ ತನಕ ನಮ್ಮ ಲೈನು ಸರಿಯಾಗಿದೆ, ಆಮೇಲಿಂದು ನಮಗೆ ಸೇರಿದ್ದಲ್ಲ' ಎಂದು ಇಳಿದರು. ಹಾಗಾದರೆ ಕಂಬದಿಂದ ನಮ್ಮ ಕಿಟಕಿಗೆ ಬರುವ ಹತ್ತು ಮಾರು ತಂತಿ ಯಾರದೆಂದು ಕೇಳಿದ್ದಕ್ಕೆ ಅವರು ಅದನ್ನು ಬಹಳ ಹೊತ್ತು ನೋಡಿದರು. ಅದರ ಮೇಲೆ ಆಗ ಕಾಗೆಯೊಂದು ಕೂತಿತ್ತು. ಅದು ಹಾರಿಹೋಯಿತು, ಇವರು ಏಣಿ ಹೊತ್ತು ಹೊರಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ; ಇಲ್ಲಿ ಇಬ್ಬರೂ ಕೂಸು ತಮ್ಮದಲ್ಲವೆನ್ನುತ್ತಿದ್ದೀರಿ. 'ದೋಷವು ನಮ್ಮ ಕಡೆಯದಲ್ಲ' ಎಂಬ ತಮ್ಮಿಬ್ಬರ ವಾಕ್ಯವನ್ನೂ ಕಸುಬಿನ ಕಣ್ಣಿನಿಂದ ನೋಡಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಕೊನೆಗೆ ನನ್ನವಳು ಚಿತ್ರಗಳ ಚೀಲ ಹೆಗಲಿಗೇರಿಸಿಕೊಂಡು ಹರಾಜುಗಾರರ ಮನೆಗೇ ಹೋಗತೊಡಗಿದಳು; ಊರಿನ ಆ ತುದಿಗೆ ಗಾಡಿ ಓಡಿಸುವವನು ನಾನು. ನೋಂದಾಯಿತ ಫೋನಿನಿಂದಲೇ ದೂರು ಹೇಳಬೇಕೆಂಬ ನಿಯಮವಿರುವುದರಿಂದ, ಆ ಫೋನು ಅವಳದೇ ಆಗಿರುವುದರಿಂದ, ಪಾಠ ನಡೆಯುವಾಗ ನಾನು ಅದನ್ನು ಅವರ ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ತಮ್ಮ ದೂರು ಕೇಂದ್ರದ ಸರದಿಯಲ್ಲಿ ಕಾಯುತ್ತಿದ್ದೆ. ತಮ್ಮ ಧ್ವನಿಮುದ್ರಿತ ಮಹಿಳೆ ಬಿಡಿಸಿ ಬಿಡಿಸಿ, ಕಿಂಚಿತ್ತೂ ಬೇಸರಿಸದೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಹರಾಜುಗಾರರು ಚಿತ್ರ ಬಿಟ್ಟು ಫೋನಿನ ಕಡೆಗೇ ಕಿವಿಗೊಡುತ್ತಿದ್ದರು. ನಾನು ಸ್ಪೀಕರ್ ಆರಿಸಲು ಹೋದರೆ ನನ್ನವಳು ಕೈ ಹಿಡಿದು, ಇರಲಿ ಬಿಡಿ ಎಂದಳು.

ಒಂದು ದಿನ ಅವರ ಮನೆಯಾಕೆ ಅಡುಗೆಮನೆಯಿಂದ, ಮಾತ್ರೆ ನುಂಗಿದಿರಾ ಎಂದು ಕೂಗಿದರು. ಹರಾಜುಗಾರರು ಬಾಗಿಲ ಕಡೆ ತಿರುಗಿ, ಒಂದೊಂದೇ ಪದವನ್ನು ಭಾರದ ಪೆಟ್ಟಿಗೆಯಂತೆ ಎತ್ತಿಡುತ್ತ ಹೇಳಿದರು:

'ನಿಮ್ಮ... ಕರೆ... ನಮಗೆ... ಅಮೂಲ್ಯ.'

ಆಕೆ ಸೌಟು ಹಿಡಿದೇ ಹೊಸಿಲಿಗೆ ಬಂದರು. ಇಷ್ಟು ವರ್ಷದ ಸಂಸಾರದಲ್ಲಿ ಮಾತು ಚೆನ್ನಾಗಿದ್ದಾಗಲೂ ಆ ಮಹಾರಾಯರು ಅಂಥದೊಂದು ಮಾತು ಆಡಿದವರಲ್ಲವಂತೆ. 'ಇನ್ನೊಂದ್ಸಲ ಹೇಳಿ' ಎಂದು ಆಕೆ ಕೇಳಿದರು. ಅವರು ಹೇಳಿದರು. ಆಕೆ ಅತ್ತರು, ನನ್ನವಳು ಬೆನ್ನು ತಿರುಗಿಸಿ ಚಿತ್ರಗಳನ್ನು ಜೋಡಿಸಿದ್ದೇ ಜೋಡಿಸಿದ್ದು, ನನಗೂ ಕನ್ನಡಕ ಒರೆಸಿಕೊಳ್ಳುವ ಕೆಲಸ ಬಂತು. ಅಷ್ಟರಲ್ಲಿ ಫೋನಿನಲ್ಲಿ ತಮ್ಮ ಸಿಬ್ಬಂದಿಯೊಬ್ಬರು ನಿಜವಾಗಿಯೂ ಮಾತಿಗೆ ಬಂದರು. ಸ್ವಲ್ಪ ಆಮೇಲೆ ಮಾಡಿ ಎಂದು ನಾನೇ ಅವರಿಗೆ ಹೇಳಬೇಕಾಯಿತು.

ಆದ್ದರಿಂದ ಮಾನ್ಯರೇ, ಈ ಪತ್ರ ದೂರೂ ಹೌದು, ಧನ್ಯವಾದವೂ ಹೌದು. ದೋಷ ಯಾರದೆಂದು ತೀರ್ಮಾನವಾಗದಿದ್ದರೂ ಈ ಉಪಕಾರ ಯಾರದೆಂದು ತೀರ್ಮಾನಿಸಿಕೊಳ್ಳಿ; ಅದಕ್ಕಾದರೂ ಇಬ್ಬರೂ ಮುಂದೆ ಬರುತ್ತೀರೆಂಬ ಆಸೆ ನನ್ನದು. ಧ್ವನಿಮುದ್ರಿತ ಮಹಿಳೆಯಿಂದ 'ನೀರು ಬೇಕು', 'ಕಿಟಕಿ ಮುಚ್ಚಿ', 'ಬೆನ್ನು ಕೆರೆಯುತ್ತಿದೆ' ಎಂಬಂಥ ನಿತ್ಯದ ಮಾತುಗಳನ್ನೂ ಹೇಳಿಸಿದರೆ ಗ್ರಾಹಕರು ಎಷ್ಟು ಹೊತ್ತು ಕಾದರೂ ನಷ್ಟವಿಲ್ಲ. ಆದರೆ ನನ್ನವಳ ಬಳಿ ಕಲಿಯುವ ಇನ್ನೊಬ್ಬಾಕೆ, ಹೊಲಿಗೆಯವರು, ಬೇರೆ ಊರಿನಲ್ಲಿದ್ದಾರೆ. ನಮ್ಮ ಗಾಡಿ ಅಲ್ಲಿಯತನಕ ಓಡದು. ಅವರು ಬೆಳಿಗ್ಗೆ ಈಗಲೂ ಹೊತ್ತಿಗೆ ಸರಿಯಾಗಿ ಪರದೆಯೆದುರು ಬಂದು ಕೂರುತ್ತಾರೆಂದು ಅವರ ತಂಗಿ ತಿಳಿಸಿದ್ದಾರೆ. ಅವರ ಸಲುವಾಗಿಯಾದರೂ ತಾವಿಬ್ಬರೂ ಒಂದೇ ದಿನ, ಒಂದೇ ಹೊತ್ತಿಗೆ, ಸಾಧ್ಯವಾದರೆ ಒಂದೇ ಏಣಿಯೊಂದಿಗೆ ಬನ್ನಿ.

ತಮ್ಮಿಬ್ಬರಲ್ಲಿ ಒಪ್ಪಿಕೊಳ್ಳುವವರು ಯಾರಾದರೂ ಇದ್ದರೆ,
ಅವರ ವಿಶ್ವಾಸಿ,
ಕೆಂಪು ದೀಪದ ಮನೆಯವನು

ಮರೆತಿದ್ದೆ: ಹರಾಜುಗಾರರು ತಮ್ಮಿಬ್ಬರಿಗೆ ಸ್ವತಃ ಒಂದು ಮಾತು ಹೇಳಬೇಕೆಂದು ಹಟ ಹಿಡಿದು ಅಭ್ಯಾಸ ಮಾಡುತ್ತಿದ್ದಾರೆ. ಅದು ಪಾಠದಲ್ಲಿರುವ ಪದವಲ್ಲ, ಅಚ್ಚಿಗೆ ಯೋಗ್ಯವೂ ಅಲ್ಲ. ಮೊದಲಕ್ಷರ ಈಗಾಗಲೇ ಸ್ಪಷ್ಟವಾಗಿ ಬಂದಿದೆ. ಉಳಿದದ್ದು ಬರುವುದರೊಳಗೆ ತಂತಿ ಸರಿಪಡಿಸುವುದು ಕ್ಷೇಮ.