ಹದಿನೆಂಟು ಗೆರೆ

ಆ ಫೈಲನ್ನು ಯಾರಾದರೂ ತೆರೆದುಬಿಟ್ಟರೆ? ಬೆಳಿಗ್ಗೆ ಮ್ಯಾನೇಜರ್ ಬಾಯಿ ತೆರೆದಾಗಿನಿಂದ ಅವಳಿಗೆ ಇದೊಂದೇ ಚಿಂತೆ.

ಕೆಲಸಕ್ಕೆ ಸೇರಿ ಎಂಟು ತಿಂಗಳಾದರೂ ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತಿದ್ದ ಹುಡುಗಿ. ಹೇಳಲಾಗದ್ದನ್ನೆಲ್ಲ ಆಫೀಸಿನ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನ ಮೂಲೆಯ ಒಂದು ಫೈಲಿನಲ್ಲಿ ಬರೆದಿಡುತ್ತಿದ್ದಳು. ಸಾಲಿನ ಮುಂದೆ ಎರಡು ಓರೆಗೆರೆ ಹಾಕಿದರೆ ಕಂಪ್ಯೂಟರ್ ಅದನ್ನು ಓದುವುದಿಲ್ಲ. ಕಂಪ್ಯೂಟರೇ ಓದದ್ದನ್ನು ಮನುಷ್ಯರು ಓದುತ್ತಾರೆಯೇ ಎಂಬುದು ಅವಳ ಧೈರ್ಯ. ‘ಇವತ್ತೂ ಮ್ಯಾನೇಜರ್ ಜೋಕ್ ಹೇಳಿದರು. ನಗು ಬರಲಿಲ್ಲ. ನಕ್ಕೆ’ ಎಂದು ಅದರಲ್ಲಿ ನೂರಾ ಹನ್ನೊಂದು ಸಲ ಇತ್ತು.

"ಹೊಸ ಪ್ಲಗಿನ್ ಹಾಕಿದ್ದೀನಿ," ಎಂದಿದ್ದರು ಮ್ಯಾನೇಜರ್. "ಬಂಡ್ಲರ್ ಫೈಲುಗಳನ್ನೆಲ್ಲ ಒಟ್ಟುಗೂಡಿಸುವಾಗ ಇದು ಚಿತ್ರ ಬರೆಯುತ್ತೆ. ಬಳಕೇಲಿರೋ ಫೈಲಿಗೊಂದು ಚುಕ್ಕೆ, ಯಾವುದು ಯಾವುದನ್ನ ನಂಬ್ಕೊಂಡಿದೆಯೋ ಅದಕ್ಕೊಂದು ಗೆರೆ. ಮಧ್ಯಾಹ್ನ ದೊಡ್ಡ ಪರದೆ ಮೇಲೆ ನೋಡೋಣ. ಬೇರೆ ಯಾವ ಫೈಲೂ ಕರೆಯದೆ ಚಿತ್ರದಲ್ಲಿ ಬರದ ಫೈಲನ್ನ ಒಂದೊಂದಾಗಿ ತೆರೆದು, ಓದಿ, ಅಳಿಸೋಣ."

ಅಳಿಸುವುದಿರಲಿ, ‘ಓದಿ’ ಎಂದರಲ್ಲ! ತಾನೇ ಅಳಿಸಿದರೆ ಎಲ್ಲರಿಗೂ ಸೂಚನೆ ಹೋಗುತ್ತದೆ. ಕೊನೆಗೆ, ತಾನು ನೋಡಿಕೊಳ್ಳುತ್ತಿದ್ದ ಲಾಗಿನ್ ಫೈಲಿನೊಳಗೆ ಆ ಫೈಲನ್ನು ಕರೆಯುವ ಒಂದು ಸಾಲು ತುರುಕಿದಳು. ಚಿತ್ರದಲ್ಲಿ ಬಂದರೆ ಯಾರೂ ತೆರೆಯುವುದಿಲ್ಲವಲ್ಲ!

"ಏನೇ ಮಾಡ್ತಿದ್ದೀಯ?" ಪಕ್ಕದ ಕುರ್ಚಿಯ, ಟೆಸ್ಟಿಂಗ್ ವಿಭಾಗದ ಅಕ್ಕ ಕತ್ತು ಚಾಚಿದಳು.

"ಏನಿಲ್ಲಕ್ಕ."

"ಏನಿಲ್ಲ ಅನ್ನೋರೇ ಏನಾದ್ರೂ ಮಾಡೋದು."

ಮಧ್ಯಾಹ್ನ ಪರದೆಯ ಮೇಲೆ ಚಿತ್ರ ಮೂಡಿತು. ಕೆಟ್ಟ ಹಲ್ಲನ್ನೇ ಹುಡುಕಿ ಹೋಗುವ ನಾಲಿಗೆಯಂತೆ ಗೆರೆಗಳೆಲ್ಲ ಒಂದೇ ಚುಕ್ಕೆಗೆ ಹೋಗಿ ಮುಟ್ಟಿದ್ದವು. ಅವಳದೇ ಫೈಲು! ಎಣಿಸಿದಳು, ಹದಿನೆಂಟು ಗೆರೆ. ಒಂದು ಅವಳದು. ಮಿಕ್ಕ ಹದಿನೇಳು?

ಮ್ಯಾನೇಜರರ ಮೌಸ್ ಚುಕ್ಕೆಯ ಹತ್ತಿರ ಹೋಗಿ ನಿಂತಿತು. ಅವರ ಕಿವಿ ಕೆಂಪಾಯಿತು. "ಇದು... ಇರ್ಲಿ ಬಿಡಿ. ತೆರೆಯೋದೇನೂ ಬೇಡ."

"ಬೇಡ ಸಾರ್, ಬೇಡ," ಎಂದರು ಎಲ್ಲರೂ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದಕ್ಕೂ ಒಮ್ಮತಕ್ಕೆ ಬಾರದ ಜನ!

ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಕ್ಕ ಕಿವಿಯಲ್ಲಿ ಉಸುರಿದಳು: "ಗುರುವಾರದ್ದು ಅರ್ಧಕ್ಕೇ ನಿಲ್ಸಿದ್ದೀಯಲ್ಲೇ, ಆಮೇಲೇನಾಯ್ತು?"

"ನೀವು... ಓದ್ತೀರಾ?"

"ಎಲ್ಲರೂನೂ! ದಿನಾ ಹುಡುಕ್ತಾ ಕೂರೋರ್ಯಾರು ಅಂತ ಅವರವರ ಫೈಲಲ್ಲಿ ಒಂದೊಂದು ಸಾಲು ಹಾಕ್ಕೊಂಡಿದ್ದಾರೆ. ಒತ್ತಿದ್ರೆ ಸೀದಾ ನಿನ್ನದೇ ತೆರ್ಕೊಳ್ಳುತ್ತೆ. ಸಾರ್ ಅಂತೂ ಮೂರು ಕಡೆ ಹಾಕಿದ್ದಾರೆ."

ಮ್ಯಾನೇಜರ್ ಕೆಮ್ಮಿದರು. "ಕಂಪ್ಯೂಟರಿಗೆ ಜ್ವರ ಬಂದ್ರೆ ಏನು ಕೊಡ್ಬೇಕು ಹೇಳಿ? ರಜೆ! ನಿಮಗಲ್ಲ, ಅದಕ್ಕೆ!"

ಯಾರೂ ನಗಲಿಲ್ಲ. ಎಲ್ಲರೂ, ಮ್ಯಾನೇಜರ್ ಕೂಡ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅವಳ ಕಡೆಗೇ ತಿರುಗಿದರು. ಬರೆದಿಡೋಣವೆಂದರೆ ಇನ್ನು ಗುಟ್ಟಿನ ಜಾಗವೂ ಉಳಿದಿರಲಿಲ್ಲ.

"ನಗು ಬರ್ಲಿಲ್ಲ, ಸಾರ್," ಎಂದಳು.