ಟರ್ಕಿ ಮೊಟ್ಟೆಗಳ ಬಾಣಂತನ

ಒಂದು ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವರನ್ನು, ಆ ಪದವಿ ಯಾವ ವಿಷಯದ್ದು ಎಂದು ಯಾರೂ ಕೇಳುವುದಿಲ್ಲ. ನನ್ನದು ವಾಣಿಜ್ಯ ಪದವಿ. ಆದರೆ ನಮ್ಮ ಕೇರಿಯವರ ಪಾಲಿಗೆ ನಾನು ಒಟ್ಟಾರೆಯಾಗಿ ‘ಓದಿದವಳು’. ಹೀಗಾಗಿ ಮಾತ್ರೆಯ ಪೊಟ್ಟಣದ ಹಿಂಬದಿಯ ಸಣ್ಣಕ್ಷರ, ಹೊಸ ಮಿಕ್ಸಿಯ ಜೊತೆ ಬಂದ ಎಚ್ಚರಿಕೆಯ ಕಾಗದ, ಮದುವೆಯ ಕರೆಯೋಲೆಯ ಕರಡು, ಎಲ್ಲವೂ ನನ್ನ ಬಳಿಗೇ ಬರುತ್ತವೆ. ‘ಇದು ನಾನು ಓದಿದ ವಿಷಯವಲ್ಲ’ ಎಂದು ಹೇಳುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ದು ನನ್ನನ್ನು ಓದಿಸಿದ ಅವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುವಾಗ ಅಂಥ ಮಾತು ನಾಲಗೆಗೆ ಬರುವುದಾದರೂ ಹೇಗೆ? ಆದ್ದರಿಂದ ಕನ್ನಡಕವನ್ನು ಸ್ವಲ್ಪ ಮೇಲೇರಿಸಿ ‘ಪರಿಶೀಲಿಸೋಣ’ ಎನ್ನುತ್ತೇನೆ. ಈ ಒಂದು ಮಾತಿನಿಂದ ನಾನು ಅನೇಕ ಇಕ್ಕಟ್ಟುಗಳಿಂದ ಪಾರಾಗಿದ್ದೇನೆ. ಅದಕ್ಕಿಂತ ಹೆಚ್ಚಿನ ಇಕ್ಕಟ್ಟುಗಳಲ್ಲಿ ಸಿಲುಕಿಯೂ ಇದ್ದೇನೆ. ಟರ್ಕಿ ಕೋಳಿಯ ಮೊಟ್ಟೆಗಳು ಎರಡನೆಯ ವರ್ಗಕ್ಕೆ ಸೇರಿದವು.

ಗೋಣಿಬೀಡಿನಲ್ಲಿ ನಮ್ಮ ಮನೆಯ ಎದುರಿಗೇ ಯೂಸುಫ್ ಸಾಹೇಬರ ಜೀಪು ರಿಪೇರಿಯ ಗ್ಯಾರೇಜು. ನಾನು ಚಿಕ್ಕವಳಿದ್ದಾಗ ‘ಏ ಪುಟ್ಟಿ’ ಎಂದು ಕೂಗುತ್ತಿದ್ದ ಅವರು, ನಾನು ಪದವೀಧರಳಾದ ಮರುದಿನದಿಂದ ‘ಮೇಡಂ, ನೀವು’ ಎನ್ನಲಾರಂಭಿಸಿದರು. ಅವರ ಜೋಡಿ ಟರ್ಕಿಗಳಲ್ಲಿ ಹುಂಜವನ್ನು ಬೇಸಿಗೆಯ ಕೊನೆಗೆ ಮಾರಿದ ಮೇಲೆ ಬೇಗಂ ಎಂಬ ಹೆಣ್ಣು ಉಳಿದಿತ್ತು. ಗ್ಯಾರೇಜಿನ ಬಾಗಿಲಲ್ಲಿ ಕತ್ತು ನೀಳವಾಗಿಸಿ ನಿಂತು, ಬಂದ ಗಿರಾಕಿಗಳನ್ನು ಅಡಿಯಿಂದ ಮುಡಿಯವರೆಗೆ ನೋಡುವುದು ಅದರ ನಿತ್ಯದ ಕೆಲಸ. ಗುಜರಿಗೆ ಹೋಗಬೇಕಿದ್ದ ಒಂದು ಜೀಪಿನ ಹಿಂದಿನ ಸೀಟನ್ನು ಅದು ಮೊಟ್ಟೆಯಿಡಲು ಆರಿಸಿಕೊಂಡಿತ್ತಾದ್ದರಿಂದ ಆ ಜೀಪನ್ನು ಮಾರುವ ಮಾತನ್ನು ಸಾಹೇಬರು ಎತ್ತುತ್ತಲೇ ಇರಲಿಲ್ಲ. ಈ ಸಲದ ಮುಂಗಾರು ಹಿಡಿದ ವಾರದಲ್ಲಿ ಬೀದಿನಾಯಿಗಳು ಬೇಗಂಳನ್ನು ಕೊಂದುಹಾಕಿದವು. ಸಾಹೇಬರ ಹೆಂಡತಿ ಜುಲೇಖಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಸಾಹೇಬರಿಗೆ ಜೀಪಿನ ಸೀಟಿನ ಮೇಲಿದ್ದ ಹನ್ನೊಂದು ಮೊಟ್ಟೆಗಳ ನೆನಪಾಯಿತು.

ಮಳೆಯಲ್ಲಿ ನೆನೆಯುತ್ತಲೇ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಸಾಹೇಬರ ಕೈಯಲ್ಲಿ ಸೂಟ್‌ಕೇಸಿನಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಿತ್ತು.

‘ಮರಿ ಮಾಡ್ಸೋಣ ಅಂದ್ರೆ ನಮ್ಮಲ್ಲಿ ಒಂದು ಕೋಳಿನೂ ಕಾವಿಗೆ ಕೂತಿಲ್ಲ ಮೇಡಂ. ಇದು ಕಾವು ಕೊಡೋ ಮಿಷನ್ನು. ಮೇಲಿನ ಎಸ್ಟೇಟ್ ಧಣೇರು ಬೇಡ ಅಂತ ಕೊಟ್ಟಿದ್ದು. ಫ್ಯಾನು, ಹೀಟರು ನಾನು ರೆಡಿ ಮಾಡಿದ್ದೀನಿ. ಕಾಗದ ಇಂಗ್ಲಿಷಲ್ಲಿದೆ, ಅದು ನಿಮ್ ಡಿಪಾರ್ಟ್‌ಮೆಂಟು.’

‘ನಮ್ಮನೇಲಿ ಯಾಕೆ ಸಾಬ್ರೆ, ನಿಮ್ಮಲ್ಲೇ ಇಟ್ಕೋಬಹುದಲ್ಲ?’ ಎಂದಳು ಅವ್ವ.

‘ವೆಲ್ಡಿಂಗ್ ಹಚ್ಚಿದ್ರೆ ನಮ್ಮಲ್ಲಿ ಕರೆಂಟ್ ಕುಸೀತದೆ ಅಕ್ಕ. ಕರೆಂಟ್ ಹೋದ್ರೂ ಇರ್ಲಿ ಅಂತ ಜೀಪಿನ ಬ್ಯಾಟರಿನೂ ತಂದಿದ್ದೀನಿ, ನೋಡಿ.’

ಜುಲೇಖಮ್ಮ ಮಾತ್ರ ಸೆರಗಿನ ಮರೆಯಿಂದ ಮೊಟ್ಟೆಗಳ ಬುಟ್ಟಿಯನ್ನು ತೆಗೆದು ನನ್ನ ಮಡಿಲಿಗೇ ಇಟ್ಟರು. ‘ಬೇಗಂದು ಅಂತ ಉಳಿದಿರೋದು ಇಷ್ಟೇ ಮಗಾ.’

‘ಪರಿಶೀಲಿಸೋಣ’ ಎಂದೆ.

ಪೆಟ್ಟಿಗೆಯ ರಚನೆ ಸರಳವಾಗಿತ್ತು. ತಳದಲ್ಲಿ ನೀರು ಹಾಕುವ ಎರಡು ಕಾಲುವೆಗಳು, ಮುಚ್ಚಳದಲ್ಲಿ ಗಾಳಿಯಾಡಲು ಎರಡು ಕಿಂಡಿಗಳು, ಒಳಗೆ ನೋಡಲು ಒಂದು ಗಾಜು. ಮೊದಲ ದಿನದಿಂದಲೇ ಎರಡೂ ಕಾಲುವೆಗಳಲ್ಲಿ ನೀರು ತುಂಬಿರಬೇಕು ಎಂದು ಕಾಗದದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಅಚ್ಚಾದ ದಪ್ಪಕ್ಷರವನ್ನು ಮೀರುವ ಸಂಸ್ಕಾರ ನನ್ನದಲ್ಲ. ಪರೀಕ್ಷೆಯಲ್ಲಿ ‘ಹಾಳೆಯ ಎಡಬದಿಯಲ್ಲಿ ಅಂಚು ಬಿಡತಕ್ಕದ್ದು’ ಎಂದಿದ್ದರೆ ಅಡಿಗೋಲಿನಿಂದ ಅಳೆದು ಬಿಟ್ಟವಳು ನಾನು. ಪ್ರತಿದಿನ ನೀರನ್ನು ಕುದಿಸಿ, ಆರಿಸಿ, ಸೋಸಿ ತುಂಬಿಸಿದೆ; ಮೊಟ್ಟೆಗಳನ್ನು ಹೊತ್ತುಹೊತ್ತಿಗೆ ಮೆಲ್ಲಗೆ ಹೊರಳಿಸಿದೆ. ಆ ದಿನಗಳಲ್ಲಿ ನಮ್ಮ ಅಡುಗೆಮನೆಯ ಉಪ್ಪು ಡಬ್ಬಿಯಲ್ಲಿಯೇ ಕರಗಿ ನಿಂತಿತ್ತು, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಹೊತ್ತುತ್ತಿರಲಿಲ್ಲ, ಗೋಡೆಯ ಮೇಲಿನ ನನ್ನ ಪದವಿ ಪ್ರಮಾಣಪತ್ರದ ಗಾಜಿನೊಳಗೂ ಬೂಷ್ಟು ಬಂದಿತ್ತು. ಇಂಥ ಗಾಳಿಗೆ ಇನ್ನಷ್ಟು ನೀರು ಬೇಕೇ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಅವ್ವನ ದೃಷ್ಟಿಯೇ ಬೇರೆ. ಅವಳು ಕೇರಿಯಲ್ಲಿ ಎಷ್ಟೋ ಬಾಣಂತನಗಳನ್ನು ಮಾಡಿದವಳು. ಮಳೆಗಾಲದಲ್ಲಿ ಅವಳ ಕೈಗೆ ಸಿಕ್ಕ ಬಾಣಂತಿಯ ಕೋಣೆಗೆ ಒಂದು ಸೊಳ್ಳೆಯೂ ಅವಳ ಅನುಮತಿಯಿಲ್ಲದೆ ನುಗ್ಗಿದ್ದಿಲ್ಲ. ಬೆಚ್ಚಗಿರಬೇಕು, ಪೆಟ್ಟಿಗೆಯನ್ನು ಅಲುಗಾಡಿಸಬಾರದು, ಕಂಡಕಂಡವರು ಮುಟ್ಟಬಾರದು ಎಂದು ನಾನು ಪೆಟ್ಟಿಗೆಯ ನಿಯಮಗಳನ್ನು ಓದಿ ಹೇಳುತ್ತಿದ್ದಂತೆ ಅವಳ ಮುಖದಲ್ಲಿ ಪರಿಚಿತರನ್ನು ಕಂಡ ನಗೆ ಮೂಡಿತು. ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸಲಾಗಿತ್ತು.

‘ಅವ್ವ, ವಾಯುಸಂಚಾರ ಇರಬೇಕು. ಒಳಗಿನ ಮರಿ ಚಿಪ್ಪಿನ ಮೂಲಕವೇ ಉಸಿರಾಡುತ್ತದೆ’ ಎಂದೆ.

‘ಚಿಪ್ಪಿಗೆಲ್ಲಿಂದ ಬಂತೇ ಮೂಗು? ಹೊರಗೆ ಥಂಡಿ ಗಾಳಿ ಹೇಗೆ ಬೀಸ್ತಿದೆ ನೋಡು ಮಾರಾಯ್ತಿ. ನೀನು ಹುಟ್ಟಿದಾಗ ಯಾವ ಸಂಚಾರನೂ ಇರ್ಲಿಲ್ಲ. ಚೆನ್ನಾಗೇ ಇದ್ದೀಯಲ್ಲ.’

ಕಂಬಳಿಯನ್ನು ನಾನು ತೆಗೆದೆ. ಅವಳು ಸುಮ್ಮನಾದಳು. ಅವ್ವ ಸುಮ್ಮನಾದರೆ ಒಪ್ಪಿದಳೆಂದು ಭಾವಿಸುವುದು ನನ್ನ ಬಹುಕಾಲದ ದೌರ್ಬಲ್ಯ.

ಒಂದು ವಾರವಾದ ಮೇಲೆ ಮೊಟ್ಟೆಗಳನ್ನು ಬಚ್ಚಲುಮನೆಯ ಕತ್ತಲಿಗೊಯ್ದು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದೆ. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿ ತುಂಬಿದ ಸಣ್ಣ ಜಾಗವೊಂದಿರುತ್ತದೆ. ಒಳಗಿನ ನೀರು ಮೆಲ್ಲಗೆ ಆರಿದ ಹಾಗೆ ಆ ಜಾಗ ದೊಡ್ಡದಾಗುತ್ತ ಹೋಗಬೇಕು. ಹುಟ್ಟುವ ಮುನ್ನ ಮರಿಯು ಮೊದಲ ಉಸಿರನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ನಾನು ಪೆನ್ಸಿಲಿನಿಂದ ಗೆರೆ ಹಾಕಿಟ್ಟೆ. ಕೆಲವು ದಿನ ಬಿಟ್ಟು ನೋಡಿದರೆ ಗಾಳಿಯ ಜಾಗ ಗೆರೆಯನ್ನು ದಾಟಿರಲೇ ಇಲ್ಲ. ಮಾರನೆಯ ದಿನ ಮೂಡಿಗೆರೆಯ ಕಚೇರಿಯಲ್ಲಿ ಆ ಗೆರೆಗಳೇ ಕಣ್ಣ ಮುಂದೆ. ನಾನು ಲೆಕ್ಕ ಬರೆಯುವುದು ಕಾಫಿ ಖರೀದಿಸುವವರೊಬ್ಬರ ಬಳಿ. ಅಂದು ಬೆಳೆಗಾರರೊಬ್ಬರು ತಂದ ಪಾರ್ಚ್‌ಮೆಂಟನ್ನು, ಎಂದರೆ ಒಳಸಿಪ್ಪೆಯ ಸಮೇತ ಒಣಗಿಸಿದ ಕಾಫಿ ಬೀಜವನ್ನು, ತೇವ ಅಳೆಯುವ ಯಂತ್ರಕ್ಕೆ ಹಾಕಿ ನಮ್ಮ ಯಜಮಾನರು ಎಂದಿನ ಮಾತನ್ನೇ ಆಡಿದರು: ‘ಇನ್ನೂ ನೀರಿದೆ, ತಗೊಂಡ್ಹೋಗಿ ಒಣಗಿಸ್ಕೊಂಡು ಬನ್ನಿ.’ ನಾನು ಲೇಖನಿಯನ್ನು ಕೆಳಗಿಟ್ಟೆ. ಸಿಪ್ಪೆಯೊಳಗಿದ್ದುಕೊಂಡೇ ಹದವಾಗಿ ಒಣಗಬೇಕಾದದ್ದು ಕಾಫಿ ಒಂದೇ ಅಲ್ಲವಲ್ಲ! ನನ್ನ ಮೊಟ್ಟೆಗಳಲ್ಲೂ ಇನ್ನೂ ನೀರಿತ್ತು. ಕಾಗದ ಬರೆದ ಪುಣ್ಯಾತ್ಮರು ಯಾವುದೋ ಒಣ ಸೀಮೆಯವರಿರಬೇಕು. ದೇವರಮನೆ ಬೆಟ್ಟದ ಕಡೆಯಿಂದ ಇಳಿದು ಬರುವ ಮಂಜನ್ನು ಅವರು ಕಂಡವರಲ್ಲ.

ಅಂದು ಸಂಜೆ ಕಾಲುವೆಗಳ ನೀರನ್ನು ಪೂರ್ತಿಯಾಗಿ ಬಸಿದು, ಕಿಂಡಿಗಳನ್ನು ಇನ್ನಷ್ಟು ತೆರೆದೆ. ಅಚ್ಚಾದ ಮಾತಿಗೆ ವಿರುದ್ಧವಾಗಿ ನಡೆದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಯಾರಾದರೂ ಬಂದು ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿಕೊಂಡು ಹೋಗುತ್ತಾರೇನೋ ಎಂಬಂತೆ ಎರಡೆರಡು ಸಲ ಬಾಗಿಲ ಕಡೆ ನೋಡಿದೆ. ಮುಂದಿನ ಪರೀಕ್ಷೆಯ ಹೊತ್ತಿಗೆ ಗಾಳಿಯ ಜಾಗ ಗೆರೆಯನ್ನು ದಾಟಿ ಬೆಳೆದಿತ್ತು. ಟಾರ್ಚಿನ ಬೆಳಕಿನಲ್ಲಿ ಒಂದು ಮರಿ ಕಾಲನ್ನೊಮ್ಮೆ ಝಾಡಿಸಿತು. ಬಚ್ಚಲುಮನೆಯಲ್ಲಿ ನಿಂತು ನಾನು ಹೊಂದಿದ ಹೆಮ್ಮೆಯನ್ನು ಘಟಿಕೋತ್ಸವದ ದಿನವೂ ಹೊಂದಿರಲಿಲ್ಲ.

ಕೊನೆಯ ದಿನಗಳಲ್ಲಿ ಕ್ರಮ ತಿರುವುಮುರುವು. ಮರಿಯು ಚಿಪ್ಪನ್ನು ಒಡೆಯುವಾಗ ಪೊರೆ ಒಣಗಿ ಮೈಗೆ ಅಂಟಬಾರದಾದ್ದರಿಂದ ಆಗ ನೀರು ಬೇಕು. ಉಸಿರಾಟ ಹೆಚ್ಚುವುದರಿಂದ ಕಿಂಡಿಗಳೂ ಪೂರ್ತಿ ತೆರೆದಿರಬೇಕು. ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಎತ್ತಬಾರದು. ಇದನ್ನೆಲ್ಲ ಅವ್ವನಿಗೆ ವಿವರವಾಗಿ ತಿಳಿಸಿದೆ. ಅವಳು ಸುಮ್ಮನೆ ಕೇಳಿದಳು.

ಅದೊಂದು ಭಾನುವಾರ ಮೊಟ್ಟೆಯೊಳಗಿನಿಂದ ಚಿಂವ್‌ಗುಟ್ಟುವ ದನಿ ಕೇಳಿಸಿತು. ಜುಲೇಖಮ್ಮ ಓಡಿಬಂದು ಪೆಟ್ಟಿಗೆಯ ಮುಂದೆ ಕುಳಿತರು. ಎರಡು ಮೊಟ್ಟೆಗಳು ಬಿರುಕುಬಿಟ್ಟವು. ಊಟ ಮುಗಿಸಿ ಬಂದು ನೋಡಿದರೆ ಗಾಜಿನ ಒಳಮೈಯೆಲ್ಲ ಹಬೆ ಕಟ್ಟಿ ಹನಿಹನಿಯಾಗಿ ಇಳಿಯುತ್ತಿತ್ತು. ದನಿ ಕ್ಷೀಣಿಸಿತ್ತು. ಗಾಜಿನ ಅಂಚಿನಿಂದ ಕಣ್ಣು ಕಿರಿದುಮಾಡಿ ನೋಡಿದೆ. ಬಿರುಕಿನಾಚೆ ಒಂದು ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿತ್ತು.

‘ಮುಚ್ಚಳ ತೆಗಿ ಮಗಾ, ನೋಡೋಣ’ ಎಂದರು ಜುಲೇಖಮ್ಮ. ಅವರ ಕಣ್ಣು ತುಂಬಿತ್ತು.

ತೆಗೆದರೆ ಪೊರೆ ಒಣಗುತ್ತದೆ. ತೆಗೆಯದಿದ್ದರೆ ಮರಿ ಹೋಗುತ್ತದೆ. ನನ್ನ ಕೈ ಮುಚ್ಚಳದ ಮೇಲೆಯೇ ನಿಂತಿತು. ಕಿಂಡಿ ತೆರೆದಿರುವಾಗ ಇಷ್ಟು ಹಬೆ ನಿಲ್ಲಬಾರದಲ್ಲ ಎನಿಸಿ ಬೆರಳಿನಿಂದ ಕಿಂಡಿಯನ್ನು ಮುಟ್ಟಿ ನೋಡಿದೆ. ಮೆತ್ತಗಿತ್ತು. ಹತ್ತಿ! ಎರಡೂ ಕಿಂಡಿಗಳಲ್ಲಿ, ಹಸಿ ಬಾಣಂತಿಯ ಕಿವಿಗೆ ಇಡುವಷ್ಟೇ ಅಚ್ಚುಕಟ್ಟಾಗಿ ಉಂಡೆ ಮಾಡಿ, ಕೊಬ್ಬರಿ ಎಣ್ಣೆಯನ್ನೂ ಸವರಿ ಇಡಲಾಗಿತ್ತು.

‘ಅವ್ವಾ!’

‘ಏನೇ? ಹೆರಿಗೆ ಹೊತ್ತು, ಹೊರಗೆ ಗಾಳಿಮಳೆ. ಕಿವಿಗೆ ಹತ್ತಿ ಇಡ್ದೆ ಯಾರಾದ್ರೂ ಬಿಡ್ತಾರಾ?’

‘ಅದು ಕಿವಿ ಅಲ್ಲ ಕಣವ್ವಾ, ಅದ್ರ ಮೂಗು!’

ವಾಯುಸಂಚಾರ ಎಂದು ನಾನು ವಾರಗಟ್ಟಲೆ ವಿವರಿಸಿದರೂ ತಲುಪದಿದ್ದ ಸಂಗತಿ ಆಗ ತಲುಪಿತು. ಮೂಗಿಗೆ ಹತ್ತಿಯನ್ನು ಯಾವಾಗ ಇಡುತ್ತಾರೆ ಎಂಬುದನ್ನು ನಾವು ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ‘ಅಯ್ಯೋ ನನ್ ಕೈಗಿಷ್ಟು ಬೆಂಕಿ ಹಾಕ!’ ಎನ್ನುತ್ತ ಅವ್ವ ತಾನೇ ಎರಡೂ ಉಂಡೆಗಳನ್ನು ಕಿತ್ತು ಒಲೆಗೆಸೆದಳು. ನಾವು ಉಸಿರು ಬಿಗಿಹಿಡಿದು ಗಾಜನ್ನೇ ನೋಡುತ್ತ ಕುಳಿತೆವು. ಮೂಲೆಯಿಂದ ಹಬೆ ತಿಳಿಯಾಗುತ್ತ ಬಂತು. ಆಮೇಲೆ ಒಂದು ಚಿಂವ್. ಅದಕ್ಕೆ ಪಕ್ಕದ ಮೊಟ್ಟೆಯಿಂದ ಇನ್ನೊಂದು ಚಿಂವ್. ಮರುದಿನ ಬೆಳಿಗ್ಗೆಯ ವೇಳೆಗೆ ಹನ್ನೊಂದರಲ್ಲಿ ಏಳು ಮರಿಗಳು ಹೊರಬಂದು, ಒದ್ದೆ ಪುಕ್ಕಗಳನ್ನು ಒಣಗಿಸಿಕೊಳ್ಳುತ್ತ, ಬೇಗಂಳದೇ ಗತ್ತಿನಿಂದ ಕತ್ತು ನೀಡಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದವು. ಸಾಹೇಬರೂ ನೋಡಲು ಬಂದರು. ಜುಲೇಖಮ್ಮ ಒಂದೊಂದನ್ನೂ ಕೆನ್ನೆಗೊತ್ತಿಕೊಂಡರು. ‘ನೋಡಿದ್ರಾ ಸಾಬ್ರೆ, ಓದಿದವ್ಳು ಅಂದ್ರೆ ಸುಮ್ನೆ ಅಲ್ಲ’ ಎಂದಳು ಅವ್ವ. ‘ಬಾಣಂತನ ಮಾತ್ರ ನಂದು’ ಎಂದು ಸೇರಿಸುವುದನ್ನು ಮರೆಯಲಿಲ್ಲ. ಆ ವಾರವೆಲ್ಲ ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆದೆನೆಂದು ಇಲ್ಲಿ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಮರಿಗಳನ್ನು ಕೊಂಡೊಯ್ದ ಮರುದಿನವೇ ಸಾಹೇಬರು ಓಡಿಬಂದರು. ‘ಮೇಡಂ, ಒಂದೂ ತಿಂತಿಲ್ಲ. ಕಾಳಿನ ಮೇಲೇ ನಿಂತ್ಕೊಂಡು ಅಳ್ತಾವೆ.’ ಟರ್ಕಿ ಮರಿಗಳಿಗೆ ತಿನ್ನುವುದನ್ನು ತಾಯಿ ಕುಟ್ಟಿ ತೋರಿಸಿಕೊಡಬೇಕಂತೆ. ನಮ್ಮ ಮನೆಯಲ್ಲಿ ಮೊದಲ ದಿನ ಬೆರಳಿನಿಂದ ತಟ್ಟೆ ಕುಟ್ಟಿ ತೋರಿಸಿದವಳು ನಾನೇ ಆದ್ದರಿಂದ, ಅವು ಇನ್ನಾರ ಬೆರಳನ್ನೂ ಮಾನ್ಯ ಮಾಡುತ್ತಿಲ್ಲ. ಹೀಗಾಗಿ ಈಗ ಪ್ರತಿದಿನ ಬೆಳಿಗ್ಗೆ, ಇಸ್ತ್ರಿ ಮಾಡಿದ ಸೀರೆಯುಟ್ಟು, ಕೊರಳಿಗೆ ಕಚೇರಿಯ ಗುರುತುಚೀಟಿ ತೂಗುಹಾಕಿಕೊಂಡು, ಗ್ಯಾರೇಜಿನ ನೆಲದಲ್ಲಿ ಹಳೆಯ ಟೈರುಗಳ ನಡುವೆ ಮಂಡಿಯೂರಿ ತಟ್ಟೆ ಕುಟ್ಟುತ್ತೇನೆ. ಮೂಡಿಗೆರೆ ಬಸ್ಸಿಗೆ ಕಾಯುವವರೆಲ್ಲ ನೋಡುತ್ತಾರೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ನಾನು ತಪ್ಪಾಗಿ ಕುಟ್ಟಿದರೆ ಏಳು ಮರಿಗಳೂ ಜೀವನಪರ್ಯಂತ ತಪ್ಪಾಗಿಯೇ ಕುಟ್ಟುತ್ತವಲ್ಲ! ಆದ್ದರಿಂದ ರಜಾದಿನಗಳಲ್ಲಿ ಪಕ್ಕದ ಮನೆಯ ಹುಂಜ, ಹೇಂಟೆಗಳ ಹಿಂದೆ ತಿರುಗಿ, ಕೊಕ್ಕು ಎಷ್ಟು ಓರೆಯಾಗಿ ಇಳಿಯುತ್ತದೆ, ಒಂದು ಕಾಳಿಗೆ ಎಷ್ಟು ಸಲ ಕುಟ್ಟುವುದು ವಾಡಿಕೆ ಎಂಬುದನ್ನು ಗಮನಿಸಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ.